ನೀರಿನ ಗಡಿಯಾರ ಹೇಳಿದ ಹೊತ್ತು

ಇರ್ಫಾನ್ ಬಿಳಿಯ ಗುಮ್ಮಟವನ್ನು ಹೆಂಗಸಿನ ತಲೆಯ ಮೇಲೆ ಮೆಲ್ಲಗೆ ಇಳಿಸಿ ಗುಂಡಿ ಒತ್ತಿದ. ಹಿಂದಿನವರ ಕಾಲದ ಎಂಆರ್‌ಐ ಯಂತ್ರ ಕೋಣೆ ತುಂಬ ಕೂತು, ಒಳಗೆ ಮಲಗಿದವರ ಕಿವಿಯ ಪಕ್ಕದಲ್ಲೇ ತಗಡು ಬಡಿದಂತೆ ಸದ್ದು ಮಾಡುತ್ತಿತ್ತಂತೆ. ಇದು ಹಾಗಲ್ಲ, ಸೀಲಿಂಗ್ ಫ್ಯಾನಿನಷ್ಟು ಸದ್ದೂ ಇಲ್ಲ. ಹೆಂಗಸಿನ ಗಂಡ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದ. ಚಪ್ಪಲಿ ಬಿಡಿ ಎಂದು ಅವನಿಗೆ ಯಾರೂ ಹೇಳಿರಲಿಲ್ಲ.

"ಯಾವಾಗಿಂದ ಹಿಂಗಾಗೇತ್ರಿ?" ಡಾಕ್ಟರ್ ನೀಲಾ ಕಡಕೋಳ ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು.

"ಈಗ ಅರ್ಧಾ ತಾಸ ಆತ್ರಿ ಬಾಯಾರ. ಅಲ್ಲೀತನಕ ಚಲೋ ಇದ್ಳು. ಬಸದಿಗೆ ಹೊಂಟಿದ್ಳು, ಕೈಯಾಗಿನ ಅಕ್ಕಿ ಬಟ್ಟಲ ಬಿತ್ತು. ನೋಡತೀನಿ, ಬಾಯಿ ಸೊಟ್ಟ ಆಗಿತ್ತು. ಹಂಗ ಎತ್ತಿಗೊಂಡ ಬಂದೇನ್ರಿ."

ಪರದೆಯ ಮೇಲೆ ಮಿದುಳು ಮೂಡಿತು. ಅದರ ಎಡಗಡೆ ಎರಡು ಕಲೆಗಳಿದ್ದವು. ಕೈಯನ್ನು ಆಡಿಸುವ ಜಾಗದ ಮೇಲಿನದು ಕೆಂಪಗಿತ್ತು, ಅಂದರೆ ಹೊಸದು. ಮಾತನ್ನು ಹೊರಡಿಸುವ ಜಾಗದ ಮೇಲಿನದು ಹಳದಿ, ಅಂದರೆ ಹಳೆಯದು. ಹಳದಿ ಕಲೆಯ ಪಕ್ಕದಲ್ಲಿ ಯಂತ್ರ ಹೊತ್ತನ್ನೂ ಬರೆದಿತ್ತು: ಬೆಳಿಗ್ಗೆ ಹತ್ತೂವರೆ.

ಈಗ ಸಂಜೆ ಐದಾಗಿತ್ತು.

ಇದೇನು ಮಾಟವಲ್ಲ. ನಮ್ಮ ಮಿದುಳಿನಲ್ಲಿ ಹೆಚ್ಚಿನ ಪಾಲು ನೀರೇ. ಆ ನೀರಿನ ಕಣಗಳು ಶಾಲೆ ಬಿಟ್ಟ ಮಕ್ಕಳ ಹಾಗೆ, ಒಂದು ಕ್ಷಣವೂ ಸುಮ್ಮನಿರುವುದಿಲ್ಲ. ನರದ ಎಳೆಗಳೊಳಗೆ ಅವು ಉದ್ದುದ್ದಕ್ಕೆ ಸಲೀಸಾಗಿ ಓಡುತ್ತವೆ, ಅಡ್ಡಕ್ಕೆ ಹೋಗಲು ತಿಣುಕುತ್ತವೆ. ಈ ಓಡಾಟವನ್ನು ಅಳೆದು ಎಳೆಗಳ ನಕ್ಷೆ ಬಿಡಿಸುವುದನ್ನೇ ಡಿಫ್ಯೂಷನ್ ಎಂಆರ್‌ಐ ಎನ್ನುತ್ತಾರೆ. ರಕ್ತ ನಿಂತ ಕಡೆ ಜೀವಕೋಶಗಳು ಬಾತುಕೊಂಡು ನೀರಿನ ಓಡಾಟ ಕಟ್ಟಿಹೋಗುತ್ತದೆ. ಅಷ್ಟು ಹಳೆಯ ವಿದ್ಯೆ. ನೀಲಾ ಕಂಡುಹಿಡಿದದ್ದು ಅದರ ಮುಂದಿನದು. ಕಟ್ಟಿಹೋದ ನೀರು ಹೊತ್ತು ಕಳೆದಂತೆ ಬದಲಾಗುವುದಕ್ಕೂ ಒಂದು ಕ್ರಮವಿದೆ, ಅದನ್ನು ಹಿಡಿದು ಹಿಂದಕ್ಕೆ ಹೋದರೆ ರಕ್ತ ನಿಂತ ಗಳಿಗೆ ಸಿಗುತ್ತದೆ. ಹತ್ತು ವರ್ಷ ಭೌತಶಾಸ್ತ್ರಕ್ಕೂ ವೈದ್ಯಕ್ಕೂ ನಡುವೆ ಜೋತಾಡಿ ಅವಳು ಇದನ್ನು ಮಾಡಿದ್ದಳು. ಹೆಸರು ಏನೋ ಉದ್ದದ್ದಿತ್ತು. ಬೆಳಗಾವಿಯ ಜನ ನೀರಿನ ಗಡಿಯಾರ ಎಂದರು, ಅದೇ ಉಳಿಯಿತು.

ಪ್ರಯೋಜನ ದೊಡ್ಡದೇ. ರಕ್ತದ ಗಂಟನ್ನು ಕರಗಿಸುವ ಮದ್ದನ್ನು ಬೇಗ ಕೊಟ್ಟರೆ ಮನುಷ್ಯ ಎದ್ದು ನಡೆಯುತ್ತಾನೆ, ಹೊತ್ತು ಮೀರಿ ಕೊಟ್ಟರೆ ಮಿದುಳಿನೊಳಗೇ ರಕ್ತ ಸೋರಿ ಜೀವ ಹೋಗಬಹುದು. ಹಿಂದೆಲ್ಲ ಹೊತ್ತನ್ನು ಕೇಳುತ್ತಿದ್ದದ್ದು ಕರೆತಂದವರನ್ನು. ಗಾಬರಿಯಲ್ಲಿ ಓಡಿಬಂದವರು ಬಾಯಿಗೆ ಬಂದದ್ದು ಹೇಳುತ್ತಾರೆ, ಪಾಪ. ಈಗ ಅವರ ಮಾತು ಕಟ್ಟಿಕೊಂಡು ಯಾರಿಗೇನು ಆಗಬೇಕು?

"ಅರ್ಧಾ ತಾಸು ಅಂತಾರಲ್ರಿ ಮೇಡಂ," ಎಂದ ಇರ್ಫಾನ್, ದನಿ ತಗ್ಗಿಸಿ.

"ಅನ್ನಲಿ. ಆ ಮದ್ದು ಬ್ಯಾಡ."

ಬೇರೆ ಚಿಕಿತ್ಸೆ ನಡೆಯಿತು. ಹೆಂಗಸಿನ ಹೆಸರು ಅನಂತಮತಿ. ಅವಳ ಜೀವ ಉಳಿಯಿತು. ಗಂಡನ ಮಾತು ನಂಬಿ ಮದ್ದು ಕೊಟ್ಟಿದ್ದರೆ ಉಳಿಯುತ್ತಿರಲಿಲ್ಲ. ಆದರೆ ಮಾತು ಹೋಯಿತು, ಬಲಗೈ ಅರ್ಧ ಹೋಯಿತು.

ಮರುದಿನ ಗಂಡ ನೀಲಾಳ ಕೋಣೆಗೆ ಬಂದ. ಭರಮಪ್ಪ, ಐವತ್ತನ್ನು ದಾಟಿದ ಆಸಾಮಿ. ಬೆಳಗಾವಿಯ ಶಹಾಪುರದಲ್ಲಿ ಸ್ಕೂಟರ್ ಬ್ಯಾಟರಿ ರಿಪೇರಿಯ ಅಂಗಡಿ. ಗಿರಾಕಿಗೆ ಬ್ಯಾಟರಿಯ ಜೊತೆ ಅರ್ಧ ಗಂಟೆ ಹರಟೆ ಬಿಟ್ಟಿ ಕೊಡುವವನು ಎಂದು ಪೇಟೆಯಲ್ಲಿ ಹೆಸರು.

"ನಾ ಲಗೂನ ಕರಕೊಂಡ ಬಂದೇನಲ್ರಿ ಬಾಯಾರ. ಆದರೂ ಯಾಕ ಮಾತು ಬರವಲ್ತು?"

ನೀಲಾಳಿಗೆ ಇಂಥ ಪ್ರಶ್ನೆ ಹೊಸದಲ್ಲ. ಮೊದಮೊದಲು ಅವಳ ಎದೆ ಹೊಡೆದುಕೊಳ್ಳುತ್ತಿತ್ತು. ಆಮೇಲೆ ಅದೂ ನಿಂತಿತು. ನಿಮ್ಮ ತಂದೆ ಮಲಗಿದ್ದರು ಅಂದುಕೊಂಡಿರಲ್ಲ, ಆಗಲೇ ಆಗಿತ್ತು. ನೀವು ಮದುವೆಮನೆಯಲ್ಲಿ ಊಟಕ್ಕೆ ಕೂತಿದ್ದಿರಲ್ಲ, ಆಗ. ಹೇಳಿ ಹೇಳಿ ಅವಳೊಳಗೆ ಏನೋ ಜೋಮು ಹಿಡಿದುಹೋಗಿತ್ತು. ಕೇಳಿದವರಿಗೆ ಇದ್ದದ್ದು ಇದ್ದ ಹಾಗೆ ಹೇಳುವುದು ಅವಳ ಪದ್ಧತಿ.

"ಸಂಜಿಮುಂದ ಆಗಿದ್ದಲ್ಲರಿ. ಮುಂಜಾನೆ ಹತ್ತೂವರಿಗೇ ಮಾತು ಹೋಗಿತ್ತು. ಕೈ ಹೋಗಿದ್ದು ಸಂಜಿಗೆ."

ಭರಮಪ್ಪ ನಕ್ಕುಬಿಟ್ಟ. "ಛೇ ಛೇ, ಆಗೂದಿಲ್ರಿ. ಹತ್ತೂವರಿಗೆ ನಾ ಆಕಿ ಮುಂದನ ಕುಂತಿದ್ದೆ."

ಯಂತ್ರ ತಪ್ಪಿದ್ದಿಲ್ಲ ಎಂದು ನೀಲಾ ಹೇಳಲಿಲ್ಲ. ಹೇಳುವ ಅಗತ್ಯ ಬರಲಿಲ್ಲ, ನಗು ಅವನ ಮುಖದ ಮೇಲೇ ಒಣಗಿತು.

"ನಿನ್ನೆ ಚತುರ್ದಶಿ," ಎಂದ. "ಆಕಿ ಉಪವಾಸ ಇರತಾಳ್ರಿ, ಮೌನ ಹಿಡೀತಾಳ. ಮದವಿ ಆದಾಗಿಂದ ಹಂಗ. ಬಸದಿಗೆ ಹೋಗಿ ಬರೂತನಕ ಪಿಟ್ಟೆನ್ನೂದಿಲ್ಲ. ನಾ ಮಧ್ಯಾಹ್ನದ ತನಕ ಅಂಗಡಿ ತಗಿಯೂದಿಲ್ರಿ ಅವತ್ತ. ಆಕಿ ಮುಂದ ಕುಂತ ಮಾತಾಡತೀನಿ. ಉಳದ ದಿನಾ ನನಗೆಲ್ಲಿ ಬಿಡತಾಳ್ರಿ ಮಾತಾಡಾಕ? ಅವತ್ತೊಂದಿನ ನನ್ನ ರಾಜ್ಯ. ಆಕಿ ತಂಗಿ ಗಂಡನ್ನ ಬೈತೀನಿ, ಆಕಿ ಮಾಡಿದ ಸಾರು ಬೈತೀನಿ. ಕಣ್ಣಾಗ ಕೆಂಡ ಕಾರತಾಳ, ಬಾಯಿ ತಗಿಯೂಹಂಗಿಲ್ಲ. ಸಂಜಿಕ ಮೌನ ಬಿಟ್ಟ ಮ್ಯಾಲ ಎಲ್ಲಾ ಬಡ್ಡಿ ಹಾಕಿ ತಿರಗಿ ಕೊಡತಾಳ."

ಅವನು ತನ್ನ ಅಂಗಿಯ ಅಂಚನ್ನು ಹಿಡಿದು ನೋಡಿಕೊಂಡ.

"ನಿನ್ನೆ ನಡುವ ಬಾಯಿ ತಗದ್ಳರಿ. 'ಆ' ಅಂತ ಒಂದು ಸದ್ದು ಬಂತು. ಇಷ್ಟ ವರ್ಷದಾಗ ಒಮ್ಮೆನೂ ಹಂಗ ಮಾಡಿದಾಕಿ ಅಲ್ಲ. ನನಗ ಖುಷಿ ಆತು, ಸಿಟ್ಟು ತಡಕೊಳ್ಳಾಕ ಆಗವಲ್ತು ಅಂತ. 'ಏ ಅನಂತೂ, ಮೌನ ಮುರೀಬ್ಯಾಡ' ಅಂತ ಆಕಿ ಬಾಯಿ ಮ್ಯಾಲ ಕೈ ಇಟ್ಟೆ. ನನ್ನ ಅಂಗಿ ಹಿಡದು ಜಗ್ಗಿದ್ಳು. ನಕ್ಕೆ. ಮಧ್ಯಾಹ್ನ ಆದ ಮ್ಯಾಲ ಅಂಗಡಿಗೆ ಹೋದೆ, ಸಂಜಿಕ ಆಕಿನ್ನ ಬಸದಿಗೆ ಬಿಡಾಕ ತಿರಗಿ ಬಂದೆ."

ಅವನ ಕಣ್ಣಲ್ಲಿ ನೀರು ಬರಲಿಲ್ಲ. ಬಂದಿದ್ದರೆ ನೀಲಾಳಿಗೂ ಹಗುರಾಗುತ್ತಿತ್ತೇನೋ. ಅವನು ಎದ್ದು, ಬಂದದ್ದಕ್ಕೆ ಕ್ಷಮೆ ಕೇಳುವವನ ಹಾಗೆ ಕೈಮುಗಿದು ಹೊರಟುಹೋದ. ನೀಲಾ ಕೈತೊಳೆದು ಮಧ್ಯಾಹ್ನದ ಡಬ್ಬಿ ಬಿಚ್ಚಿ ಊಟ ಮಾಡಿದಳು. ಹೊಟ್ಟೆಗೆ ಅನ್ನ ಇಳಿಯಿತು. ಅದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

ಎರಡು ತಿಂಗಳ ಮೇಲೆ ಗಂಡ ಹೆಂಡತಿ ಮರುಪರೀಕ್ಷೆಗೆ ಬಂದರು. ಅನಂತಮತಿಯ ಕೈ ತುಸು ಸುಧಾರಿಸಿತ್ತು. ಮಾತಿನದು ಹಾಗಲ್ಲ. ಮಿದುಳಿನ ಎಡಗಡೆ ಮಾತು ಕೆಟ್ಟರೆ ಬಲಗಡೆಯ ಎಳೆಗಳು ಕೆಲಸ ಕಲಿಯುವುದುಂಟು. ಮಾತು ಕಿವಿಗೆ ಬಿದ್ದಷ್ಟೂ, ಉತ್ತರಕ್ಕೆ ತಿಣುಕಿದಷ್ಟೂ ಆ ಎಳೆಗಳು ಗಟ್ಟಿಯಾಗುತ್ತವೆ, ನೀರು ಅವುಗಳಲ್ಲಿ ನೇರವಾಗಿ ಓಡುತ್ತದೆ. ಅನಂತಮತಿಯ ನಕ್ಷೆಯಲ್ಲಿ ಅವು ಎರಡು ತಿಂಗಳ ಹಿಂದೆ ಹೇಗಿದ್ದವೋ ಹಾಗೇ ಇದ್ದವು. ಈಗ ಬೆಳೆಯದಿದ್ದರೆ ಆಮೇಲೆ ಬೆಳೆಯುವುದು ಕಷ್ಟ.

"ಮನ್ಯಾಗ ಇವರನ್ನ ಯಾರು ಮಾತಾಡಸ್ತೀರಿ?" ನೀಲಾ ಕೇಳಿದಳು.

ಭರಮಪ್ಪ ಬಂದಾಗಿನಿಂದ ಒಂದು ಶಬ್ದ ಆಡಿಲ್ಲವೆಂದು ಇರ್ಫಾನ್ ಆಗಲೇ ಗಮನಿಸಿದ್ದ. ಮಾತು ಹೋದದ್ದು ಯಾರಿಗೆ ಎಂದು ಹೊಸಬರಿಗೆ ತಿಳಿಯುವ ಹಾಗಿರಲಿಲ್ಲ.

"ನೀವು ಮಾತಾಡಸ್ಬೇಕ್ರಿ ಭರಮಪ್ಪನೋರ. ಇಲ್ಲಂದ್ರ ಇವರಿಗೆ ಮಾತು ಬರೂದಿಲ್ಲ."

"ನನ್ನ ಮಾತಿಗೇ ಆಕಿ ಹಿಂಗಾಗ್ಯಾಳ್ರಿ," ಎಂದ ಅವನು. ದನಿ ತುಕ್ಕು ಹಿಡಿದಿತ್ತು. "ಬಾಯಿ ತಗದ್ರ ಹತ್ತೂವರಿ ನೆನಪಾಗತೈತಿ. ನೀವು ಹೇಳದ ಇದ್ದಿದ್ರ ಚಲೋ ಇತ್ತು."

ಅದನ್ನು ಅವನು ಸಿಟ್ಟಿನಿಂದ ಹೇಳಲಿಲ್ಲ. ನೀಲಾಳಿಗೆ ಎಷ್ಟೋ ತಿಂಗಳ ಮೇಲೆ ಎಲ್ಲೋ ಚುರ್ರೆಂದಿತು. ಒಂದು ಜೀವ ಉಳಿಸಿದ ಅವಳ ಗಡಿಯಾರ ಇನ್ನೊಬ್ಬನ ಬಾಯಿಗೆ ಬೀಗ ಹಾಕಿ, ಆ ಬೀಗ ತಿರುಗಿ ಮೊದಲಿನವಳ ಮಾತನ್ನೇ ತಿನ್ನುತ್ತಿತ್ತು. ಹೊತ್ತನ್ನು ಇನ್ನು ಮೇಲೆ ಮನೆಯವರಿಗೆ ಹೇಳಲೇಬಾರದು ಎಂದುಕೊಂಡಳು. ಮರುಗಳಿಗೆಯೇ, ಯಾರಿಂದ ಯಾರು ಏನನ್ನು ಬಚ್ಚಿಡುತ್ತಿದ್ದೇವೆ ಎಂಬ ಯೋಚನೆ ಬಂತು. ಇಬ್ಬರು ಮಾತಾಡುತ್ತಿದ್ದದ್ದು ಮೂರನೆಯವಳ ತಲೆಯ ಮೇಲಿಂದ. ಕುರ್ಚಿಯಲ್ಲಿ ಕೂತಿದ್ದ ಅನಂತಮತಿ ಒಬ್ಬೊಬ್ಬರ ಬಾಯನ್ನೂ ನೋಡುತ್ತಿದ್ದಳು. ಅವಳಿಗೆ ಎಲ್ಲ ತಿಳಿಯುತ್ತದೆ. ಕೆಟ್ಟದ್ದು ಹೊರಡುವ ಮಾತು ಮಾತ್ರ, ಒಳಗೆ ಹೋಗುವುದಲ್ಲ. ಇದು ನೀಲಾಳಿಗೆ ಮೊದಲ ದಿನದಿಂದಲೂ ಗೊತ್ತಿತ್ತು. ಗೊತ್ತಿದ್ದೂ ಒಂದು ಮಾತು ಕೇಳಿರಲಿಲ್ಲ.

ರೋಗಿಗಳಿಗೆ ಅಭ್ಯಾಸ ಮಾಡಿಸಲು ಇರ್ಫಾನ್ ರಟ್ಟಿನದೊಂದು ಗಡಿಯಾರ ಇಟ್ಟುಕೊಂಡಿದ್ದ, ಮುಳ್ಳುಗಳನ್ನು ಬೆರಳಿನಿಂದ ತಿರುಗಿಸುವಂಥದ್ದು. ನೀಲಾ ಅದನ್ನು ತಂದು ಅನಂತಮತಿಯ ಮಡಿಲಲ್ಲಿ ಇಟ್ಟಳು. ಅವಳ ಮುಂದೆ ಮೊಣಕಾಲೂರಿ ಕೂತಳು.

"ಅನಂತಮತಿಯವರ, ಅವತ್ತ ಯಾವಾಗ ಸುರು ಆತರಿ ನಿಮಗ?"

ಅನಂತಮತಿ ಗಡಿಯಾರವನ್ನು ನೋಡಿದಳು. ಎಡಗೈಯಿಂದ ಸಣ್ಣ ಮುಳ್ಳನ್ನು ತಿರುಗಿಸಿ ಹತ್ತು ದಾಟಿಸಿದಳು. ದೊಡ್ಡ ಮುಳ್ಳನ್ನು ನಿಧಾನವಾಗಿ ಇಳಿಸಿ ಆರರ ಮೇಲೆ ನಿಲ್ಲಿಸಿದಳು. ಆಮೇಲೆ ಗಂಡನ ಕಡೆ ಬೆರಳು ಮಾಡಿದಳು.

"ನಿನಗ ಗೊತ್ತಿತ್ತೇನ?" ಎಂದ ಭರಮಪ್ಪ.

ಅವಳು ಹೌದೆಂದು ತಲೆಯಾಡಿಸಿದಳು. ಗೊತ್ತಿರದೆ ಏನು? ಆದದ್ದು ಅವಳಿಗೇ ಅಲ್ಲವೆ? ಕೋಟಿಗಟ್ಟಲೆ ಖರ್ಚಿನ ಯಂತ್ರ ಅವಳ ಮಿದುಳಿನ ನೀರನ್ನು ಬೇಡಿ ತಿಳಿದುಕೊಂಡದ್ದನ್ನು ಅವಳು ಎರಡು ತಿಂಗಳಿನಿಂದ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

"ಸಿಟ್ಟೈತೇನ ನನ್ನ ಮ್ಯಾಲ?"

ಅವಳು ಮತ್ತೆ ತಲೆಯಾಡಿಸಿದಳು, ಈ ಸಲ ಜೋರಾಗಿ, ಎರಡು ಮೂರು ಬಾರಿ. ಅವಳ ಕಣ್ಣು ಕೆಂಪಾಗಿತ್ತು. ಎಡಗೈ ಮುಷ್ಟಿ ಮಾಡಿ ಅವನ ತೊಡೆಗೆ ಒಂದು ಗುದ್ದಿದಳು. ನೋವಾಗುವ ಹಾಗೇ ಗುದ್ದಿದಳು.

ಭರಮಪ್ಪನಿಗೆ ಅಳು ಒತ್ತರಿಸಿ ಬಂತು. ಎರಡು ತಿಂಗಳು ಕಲ್ಲಾಗಿದ್ದ ಮನುಷ್ಯ, ಮೂಗು ಒರೆಸಿಕೊಳ್ಳುವ ಗೋಜಿಗೂ ಹೋಗದೆ ಅತ್ತ.

"ನಾ ಏನ ತಿಳಕೊಂಡಿದ್ದೆ ಅಂದ್ರ, ಆಕಿಗೆ ಇದ್ಯಾವುದೂ ಗೊತ್ತಿಲ್ಲ ಅಂತ," ಎಂದ ನೀಲಾಳಿಗೆ. "ಗೊತ್ತಿಲ್ಲದಾಕಿ ಮುಂದ ಏನಂತ ಮಾತಾಡ್ಲಿ? ಸಿಟ್ಟ ಮಾಡ್ಯಾಳಂದ್ರ ಮಾತಾಡಬೌದ್ರಿ. ಬೈಸ್ಕೊಳ್ಳೂದು ನನಗೇನು ಹೊಸದಲ್ಲ."

ಅವನು ಹೆಂಡತಿಯ ಕಡೆ ತಿರುಗಿದ. "ಮಳಿ ಬರೂಹಂಗ ಐತಿ, ಲಗೂನ ಹೋಗೂಣಲಾ?" ಎಂದ. ಎರಡು ತಿಂಗಳಿನಲ್ಲಿ ಅದು ಅವನು ಅವಳಿಗೆ ಹೇಳಿದ ಮೊದಲ ಮಾತು. ಅನಂತಮತಿಯ ತುಟಿ ಅಲುಗಾಡಿ, ಗಂಟಲಿನಿಂದ ಒಂದು ಸದ್ದು ಹೊರಟಿತು. ಅದು ಹೌದೋ ಅಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಅವಳ ಮಾತು ಪೂರ್ತಿ ಬರುತ್ತದೆಂದು ನೀಲಾ ಹೇಳಲಿಲ್ಲ. ಅಷ್ಟನ್ನು ನೀರೂ ಹೇಳುವುದಿಲ್ಲ.

ಅವರು ಹೋದ ಸ್ವಲ್ಪ ಹೊತ್ತಿಗೆ ಒಬ್ಬ ಮುದುಕನನ್ನು ತಂದರು. ಜೊತೆಗೆ ಬಂದ ನಾಲ್ಕೈದು ಮಂದಿ ಒಟ್ಟಿಗೇ ಹೇಳತೊಡಗಿದರು, ಈಗ ಸ್ವಲ್ಪ ಮುಂಚೆ, ಊಟ ಆದ ಮೇಲೆ, ಅಲ್ಲ ಅಲ್ಲ, ಸ್ನಾನಕ್ಕೆ ಹೋದಾಗ. ಇರ್ಫಾನ್ ಗುಮ್ಮಟವನ್ನು ಎಳೆದು ತಂದ. "ಒಂದ ನಿಮಿಷ ತಡಿ," ಎಂದಳು ನೀಲಾ. ಎಲ್ಲರೂ ಸುಮ್ಮನಾಗುವಂತೆ ಕೈಯೆತ್ತಿ, ಮುದುಕನ ಮುಖದ ಹತ್ತಿರ ಬಾಗಿ, ಅವನ ಕಣ್ಣಿಗೆ ತನ್ನ ಕಣ್ಣು ಸಿಗುವ ಹಾಗೆ ನಿಂತಳು.

"ಯಜ್ಜಾ, ಯಾವಾಗ ಸುರು ಆತು?"

ಈ ಪ್ರಶ್ನೆಯನ್ನು ಕೇಳಲು ಆ ಯಂತ್ರ ಬರುವ ತನಕ ಕಾಯಬೇಕಾಗಿರಲಿಲ್ಲ. ಅಂಥ ಯಂತ್ರ ಇನ್ನೂ ಬಾರದ ಇವತ್ತೂ ಅದನ್ನು ಕೇಳಬಹುದು.