ಜಿಂಕೆಗೆ ಬಿಟ್ಟ ಬಯಲು

ಬೆಟ್ಟಗಳು ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ ಹೊನ್ನೂರಿ ಎಂಬ ರಾಜ್ಯವಿತ್ತು. ಅಲ್ಲೊಂದು ಚಿತ್ರಶಾಲೆ. ವಿದ್ಯಾರ್ಥಿಗಳು ಒಂದೇ ಪ್ರಾಣಿಯನ್ನು ಚೂರುಚೂರೇ ಬದಲಿಸಿ ನೂರು ಸಲ ಬರೆಯಬೇಕು. ನೂರನೆಯದು ಮುಗಿಯುತ್ತಲೇ ಪ್ರಾಣಿ ಹಾಳೆಯಿಂದೆದ್ದು ನಡೆಯುತ್ತಿತ್ತು. ಆದರೆ ಅದು ಇರುವುದಕ್ಕೆ ಹಿನ್ನೆಲೆಯ ಪರದೆಯೊಂದು ಬೇಕು. ಮೂರನೆಯ ಸಂಜೆಯೊಳಗೆ ಸಿಗದಿದ್ದರೆ ಅದು ಮಾಸಿ ಮಾಯವಾಗುತ್ತಿತ್ತು.

ಸಂಪಿ ಎಂಬ ಹುಡುಗಿ ಜಿಂಕೆ ಬರೆದಿದ್ದಳು. ಹುಡುಗಿ ಜಾಣೆ, ಹಟ ಮಾತ್ರ ಕೋಣದ್ದು. ಜಿಂಕೆಯೆಂದರೆ ಅವಳಿಗೆ ಪಂಚಪ್ರಾಣ.

ಮೊದಲ ದಿನ ಬಟ್ಟೆಯ ಮೇಲೆ ಕಾಡು ಬರೆದಳು. ಎಲೆ ಬಿಡಲಿಲ್ಲ, ಬಳ್ಳಿ ಬಿಡಲಿಲ್ಲ, ಬೆರಳಗಲ ಜಾಗವನ್ನೂ ಬಿಡಲಿಲ್ಲ. ಒಳಗೆ ಹೋದ ಜಿಂಕೆಯ ಕೊಂಬು ಬಳ್ಳಿಗೆ ಸಿಕ್ಕಿಕೊಂಡಿತು. ಬಿಡಿಸುವಷ್ಟರಲ್ಲಿ ಸಾಕೋಸಾಕಾಯಿತು. ಸಂಜೆಗೆ ಜಿಂಕೆಯ ಕಿವಿ ಮಾಸಿತು.

ಎರಡನೆಯ ದಿನ ಹಾಳೆ ಕತ್ತರಿಸಿ ಬೆಟ್ಟ, ಮರ, ಮೋಡಗಳನ್ನು ಒಂದರ ಹಿಂದೊಂದು ನಿಲ್ಲಿಸಿದಳು. ಆಹಾ, ಚೆಂದವೋ ಚೆಂದ! ಜಿಂಕೆ ಮಾತ್ರ ಮರಕ್ಕೂ ಬೆಟ್ಟಕ್ಕೂ ನಡುವಿನ ಸಂದಿಯಲ್ಲಿ ಧೊಪ್ಪನೆ ಬಿತ್ತು. ಸಂಜೆಗೆ ಬಾಲ ಮಾಸಿತು. ಸಂಪಿ ಬಿಕ್ಕಿಬಿಕ್ಕಿ ಅತ್ತಳು.

ಮೂರನೆಯ ದಿನ ಜಾಲದತ್ತನೆಂಬ ಮಾಯಗಾರ ದೊಡ್ಡ ಕನ್ನಡಿ ಹೊತ್ತು ಬಂದ.

"ಯಾಕಮ್ಮ ಕೈ ನೋಯಿಸ್ಕೋತೀಯಾ? ಚಪ್ಪಾಳೆ ತಟ್ಟು, ಬೇಕಾದ ಕಾಡು ಕನ್ನಡಿಯಲ್ಲಿ ಬರುತ್ತೆ. ಜಿಂಕೇನ ಒಳಗೆ ಕಳಿಸು."

ಗೆಳೆಯ ಬೊಮ್ಮಣ್ಣನ ಆನೆ, ಗೆಳತಿ ಕಾಳಿಯ ನವಿಲು, ಇನ್ನೂ ನೂರಾರು ಪ್ರಾಣಿಗಳು ಆಗಲೇ ಒಳಗೆ ಹೋಗಿದ್ದವು. ತಮ್ಮದೆನ್ನುವ ಪರದೆಯಿಲ್ಲದೆ, ಹೊರಗೆ ಕಾಲಿಡಲು ಜಾಗವಿಲ್ಲದೆ ಅಲ್ಲೇ ಬಂದಿಯಾಗಿ ಮಿಕಿಮಿಕಿ ನೋಡುತ್ತಿದ್ದವು. ಅವುಗಳ ಜೀವ ಹೀರಿಯೇ ಕನ್ನಡಿ ಹೊಳೆಯುತ್ತಿತ್ತು. ಸಂಪಿಗೆ ಅದು ಗೊತ್ತಿತ್ತು. ಆದರೆ ಹೊತ್ತು ಇಳಿಯುತ್ತಿತ್ತು, ಜಿಂಕೆಯ ಕಾಲೂ ಮಾಸುತ್ತಿತ್ತು. ಚಪ್ಪಾಳೆಗೆ ಕೈ ಎತ್ತಿಯೇಬಿಟ್ಟಳು.

ಗುರು ದ್ಯಾಮಕ್ಕ ಆ ಕೈ ಹಿಡಿದಳು. "ಮೂರು ದಿನದಿಂದ ಮನೆ ಕಟ್ತಿದ್ದೀಯಲ್ಲ ತಾಯಿ, ಇರೋವ್ರನ್ನ ಒಂದು ಮಾತು ಕೇಳಿದ್ಯಾ?"

ಸಂಪಿಗೆ ನಾಚಿಕೆಯಾಯಿತು. ಮಂಡಿಯೂರಿ ಕೂತು ಕೇಳಿದಳು, "ನಿನಗೇನು ಬೇಕು ಕಂದಾ?"

"ಒಂದು ಹಿಡಿ ಹುಲ್ಲು, ಒಂದು ಬೊಗಸೆ ನೀರು. ಉಳಿದಿದ್ದು ಓಡೋಕೆ ಬಿಡಕ್ಕ."

"ಇಷ್ಟೇನಾ?"

"ಇಷ್ಟೇ."

ಸಂಪಿ ಹೊಸ ಬಟ್ಟೆ ಹಾಸಿದಳು. ನೆಲಕ್ಕೊಂದು ಗೆರೆ ಎಳೆದಳು. ಹುಲ್ಲು ಬರೆದಳು, ನೀರು ಬರೆದಳು. ಇನ್ನೊಂದು ಮರ ಬರೆಯಲು ಕೈ ತುರಿಸಿತು. ಹಲ್ಲು ಕಚ್ಚಿ ಕುಂಚ ಕೆಳಗಿಟ್ಟಳು.

"ಥೂ, ಬರೀ ಬಟ್ಟೆ!" ಎಂದು ಜಾಲದತ್ತ ಹೊಟ್ಟೆ ಹಿಡಿದು ನಕ್ಕ.

ಜಿಂಕೆ ಚಂಗನೆ ಹಾರಿತು. ಓಡಿತು, ಓಡಿತು, ಓಡಿದಷ್ಟೂ ಬಯಲು ಅಗಲವಾಯಿತು. ಕಿವಿ ಬಂತು, ಬಾಲ ಬಂತು, ಕಾಲು ಬಂತು! ಕನ್ನಡಿಯೊಳಗಿನ ಆನೆ ಅದನ್ನು ಕಂಡು ಘೀಳಿಟ್ಟಿತು. ಕಾಲಿಡಲು ಜಾಗ ಸಿಕ್ಕಿತಲ್ಲ, ಇನ್ನೇನು ಬೇಕು? ಆನೆ ಹಾರಿತು, ನವಿಲು ಹಾರಿತು, ಹಿಂದೆಯೇ ನೂರಾರು ಪ್ರಾಣಿಗಳು ಬಯಲಿಗೆ ನುಗ್ಗಿದವು. ಬರಿದಾದ ಕನ್ನಡಿ ಫಳ್ಳನೆ ಒಡೆಯಿತು. ಅದರೊಂದಿಗೆ ಜಾಲದತ್ತನ ಮಾಯೆಯೂ ಮುಗಿಯಿತು.

ದ್ಯಾಮಕ್ಕ ಅವನ ಕೈಗೆ ಕುಂಚ ತೊಳೆಯುವ ಬೋಗುಣಿ ಕೊಟ್ಟಳು. ಪಾಪ, ಚೆನ್ನಾಗಿಯೇ ತೊಳೆಯುತ್ತಿದ್ದನಂತೆ.

ಅಂದಿನಿಂದ ಆ ಬಯಲಲ್ಲಿ ಹುಲ್ಲು ಮುಗಿದಿಲ್ಲ, ನೀರು ಬತ್ತಿಲ್ಲ, ಯಾರಿಗೂ ಜಾಗ ಸಾಲದೆ ಹೋಗಿಲ್ಲ. ಮರುದಿನ ಬೊಮ್ಮಣ್ಣ ಬಣ್ಣ ಕಲಸಿಕೊಂಡು ಬಂದು, "ಸಂಪಿ, ಆನೆ ಹಿಂದೆ ಒಂದು ಬೆಟ್ಟ ಬರೀಲಾ?" ಎಂದ.

"ನನ್ನನ್ನೇನು ಕೇಳ್ತೀಯೋ? ಹೋಗಿ ಆನೇನ ಕೇಳು" ಎಂದಳು ಸಂಪಿ.