ಗುಡ್ಡದ ಮನೆಯ ಕಡಲು

"ಆ ಚೂರಿಯನ್ನು ಕೆಳಗಿಡಿ."

ಬಂಡೆಯ ಮೇಲೆ ಮೊಣಕಾಲೂರಿ ಕುಳಿತಿದ್ದವನು ತಲೆಯೆತ್ತಿದ. ಕಾಪುವಿನ ದೀಪಸ್ತಂಭದ ಕೆಳಗೆ ನೀರು ಇಳಿದಿದ್ದ ಹೊತ್ತು. ಸೀರೆಯ ನೆರಿಗೆಯನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಒಬ್ಬ ಹುಡುಗಿ ನಿಂತಿದ್ದಳು. ಅವಳ ಕಣ್ಣಲ್ಲಿ ಸಿಟ್ಟಿತ್ತು.

"ಕಡಲ ಹೂ ಅಂದರೆ ಹೂವಲ್ಲ, ಪ್ರಾಣಿ. ನೀವು ಈಗ ಕಿತ್ತದ್ದು ಅದರ ಪಾದವನ್ನು."

ಅವನು ತನ್ನ ಬಕೆಟಿನೊಳಗೆ ನೋಡಿದ. ನಾಲ್ಕು ಕಡಲ ಹೂಗಳು ಹರಿದು, ಮುದುಡಿ, ಲೋಳೆಯಾಗಿ ಬಿದ್ದಿದ್ದವು. ಅವನ ಮುಖ ಪೆಚ್ಚಾಯಿತು.

"ಹಾಗಾದರೆ ಹೇಗೆ ತೆಗೆಯಬೇಕು? ಹೇಳಿಕೊಡುತ್ತೀರಾ?"

ಜಗಳಕ್ಕೆ ಸಿದ್ಧಳಾಗಿ ಬಂದಿದ್ದ ಝೀಟಾ ಆ ಪ್ರಶ್ನೆಗೆ ಸೋತಳು. ಗಂಡಸರು ತನ್ನ ಹತ್ತಿರ ಏನನ್ನಾದರೂ ಕಲಿಯಲು ಕೇಳಿದ್ದು ಅವಳಿಗೆ ನೆನಪಿರಲಿಲ್ಲ.

ಅವಳು ಬಾಗಿ, ನೀರಿನಲ್ಲಿ ಸಡಿಲವಾಗಿ ಬಿದ್ದಿದ್ದ ಒಂದು ಕಲ್ಲನ್ನು ಹುಡುಕಿದಳು. ಅದರ ಮೇಲೊಂದು ಕಡಲ ಹೂ ಅರಳಿತ್ತು. ಕಲ್ಲನ್ನೇ ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ ಅವನ ಕೈಗಿಟ್ಟಳು. ಮನೆಯ ಸಮೇತ ಕರೆದುಕೊಂಡು ಹೋದರೆ ಅದು ಬದುಕುತ್ತದೆ ಎಂದಳು.

ಅದು ಸಾವಿರದ ಒಂಬೈನೂರ ಅರವತ್ತೊಂದರ ನವೆಂಬರ್. ಝೀಟಾ ಕಾಪುವಿನ ರೊಸಾರಿಯೊ ಅವರ ಮಗಳು. ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಓದಿ ಬಂದು ಉಡುಪಿಯ ಒಂದು ಶಾಲೆಯಲ್ಲಿ ಪಾಠ ಮಾಡುತ್ತಿದ್ದಳು. ಅವನು ಲಿಡ್ವಿನ್, ಮಣಿಪಾಲದಲ್ಲಿ ಡಾಕ್ಟರ್.

ಕಡಲ ಹೂ ಯಾಕೆ ಬೇಕಾಯಿತು ಎಂದು ಅವಳು ಕೇಳಿದಾಗ, ಅವನು ಮರಳನ್ನು ನೋಡುತ್ತಾ ಮೆಲ್ಲಗೆ ಹೇಳಿದ. ಅವನ ತಾಯಿ ಅಪೊಲೋನಿಯಾ ಕಡಲ ಬದಿಯಲ್ಲೇ ಹುಟ್ಟಿ ಬೆಳೆದವರು. ಎರಡು ವರ್ಷದ ಹಿಂದೆ ಲಕ್ವ ಹೊಡೆದು ಹಾಸಿಗೆ ಹಿಡಿದರು. ಈಗ ಮಣಿಪಾಲದ ಗುಡ್ಡದ ಮನೆಯಲ್ಲಿ, ಕಡಲು ಕಾಣದ ಕೋಣೆಯಲ್ಲಿ ಮಲಗಿದ್ದಾರೆ. ತಾಯಿಯನ್ನು ಕಡಲಿಗೆ ಒಯ್ಯಲು ಆಗುವುದಿಲ್ಲ.

"ಅದಕ್ಕೆ ಕಡಲನ್ನೇ ಮನೆಗೆ ಒಯ್ಯುವ ಅಂತ..." ಎಂದು ಅವನು ಅರ್ಧಕ್ಕೆ ನಿಲ್ಲಿಸಿದ. ನಗುತ್ತಾಳೇನೋ ಎಂದು ಅವಳ ಮುಖ ನೋಡಿದ.

ಅವಳು ನಗಲಿಲ್ಲ. ಮನೆಯಲ್ಲಿ ನೀರು ಸಿದ್ಧವಾಗುವ ತನಕ ಅದು ಇಲ್ಲೇ ಇರಲಿ ಎಂದು ಅವನ ಕೈಯಿಂದ ಕಲ್ಲನ್ನು ತೆಗೆದು ಮತ್ತೆ ಕಡಲಿಗಿಟ್ಟಳು.

---

ಕಾರ್ಕಳದ ಕಲ್ಲುಕುಟಿಗರು ಹಾಸುಗಲ್ಲು ಕಡಿದುಕೊಟ್ಟರು. ತಾಯಿಯ ಹಾಸಿಗೆಯ ಎದುರಿಗೆ ಐದಡಿ ಉದ್ದದ ತೊಟ್ಟಿ. ಮೂರು ಬದಿ ಕಲ್ಲು, ಮುಂದೆ ಮಾತ್ರ ದಪ್ಪ ಗಾಜು. ಕಬ್ಬಿಣದ ಚೌಕಟ್ಟು ಬೇಡವೆಂದು ಝೀಟಾ ಹಟ ಹಿಡಿದಳು. ಉಪ್ಪುನೀರು ಲೋಹವನ್ನು ತಿನ್ನುತ್ತದೆ, ತಿಂದದ್ದು ನೀರಿಗೆ ಇಳಿದು ವಿಷವಾಗುತ್ತದೆ. ದೋಣಿಯ ಸಂದು ಮುಚ್ಚುವ ಹಾಗೆ ಹತ್ತಿ ಮತ್ತು ರಾಳದಿಂದ ಕಾಪುವಿನ ಮೀನುಗಾರ ಕಿಟ್ಟ ಸಂದುಗಳನ್ನು ಮುಚ್ಚಿದ.

ಕಡಲ ನೀರು ತಂದವನೂ ಅವನೇ. ಉಪ್ಪಿನಕಾಯಿಯ ದೊಡ್ಡ ಪಿಂಗಾಣಿ ಭರಣಿಗಳಲ್ಲಿ ತುಂಬಿಸಿ, ಹುಲ್ಲು ಸುತ್ತಿ, ಗಾಡಿಯಲ್ಲಿ ಗುಡ್ಡ ಹತ್ತಿಸಿದ.

"ಮೀನನ್ನು ಗುಡ್ಡಕ್ಕೆ ಹೊತ್ತವರನ್ನು ಕಂಡಿದ್ದೇನೆ ಡಾಕ್ಟ್ರೇ. ನೀರನ್ನೇ ಹೊತ್ತವನು ನಾನೊಬ್ಬ. ಊರಲ್ಲಿ ಹೇಳಬೇಡಿ ಮಾರಾಯ್ರೆ, ಹೆಣ್ಣು ಕೊಡುವುದಿಲ್ಲ" ಎಂದ.

ಗಾಳಿ ಊದುವ ಯಂತ್ರ ಇಲ್ಲಿ ಸಿಗುತ್ತಿರಲಿಲ್ಲ. ಲಾರಿಯ ಹಳೆಯ ಟ್ಯೂಬಿಗೆ ಸೈಕಲ್ ಪಂಪಿನಿಂದ ಗಾಳಿ ತುಂಬಿಸಿ, ಸಣ್ಣ ರಬ್ಬರ್ ಕೊಳವೆಯಿಂದ ನೀರಿಗೆ ಬಿಟ್ಟರು. ಬೆಳಿಗ್ಗೆ ಲಿಡ್ವಿನ್ ಪಂಪ್ ಒತ್ತುತ್ತಿದ್ದ. ಸಂಜೆ ಶಾಲೆ ಬಿಟ್ಟು ಬಸ್ಸಿನಲ್ಲಿ ಬರುವ ಝೀಟಾ ಒತ್ತುತ್ತಿದ್ದಳು. ಆವಿಯಾಗಿ ಇಳಿದ ನೀರಿನ ಬದಲಿಗೆ ಅವಳು ಬಾವಿಯ ಸಿಹಿನೀರನ್ನೇ ಮಣ್ಣಿನ ಕೊಡದಿಂದ ಹಾಕುತ್ತಿದ್ದಳು. ನೀರು ಹೋಗುತ್ತದೆ, ಉಪ್ಪು ಹೋಗುವುದಿಲ್ಲ ಎಂದು ಅಪೊಲೋನಿಯಾರಿಗೆ ವಿವರಿಸುತ್ತಿದ್ದಳು. ಮನೆಗೆ ಬಂದವರೆಲ್ಲ ಅವರನ್ನು ಮಾಂಯ್, ಅಂದರೆ ಅಮ್ಮ, ಎಂದೇ ಕರೆಯುತ್ತಿದ್ದರು. ಝೀಟಾಳೂ ಹಾಗೆಯೇ ಕರೆದಳು.

ಮೊದಲ ಆರು ವಾರ ತೊಟ್ಟಿಯಲ್ಲಿ ಇದ್ದದ್ದು ಮರಳು, ಕಲ್ಲು ಮತ್ತು ನೀರು. ನೀರು ಹದಕ್ಕೆ ಬರುವ ತನಕ ಅದರಲ್ಲಿ ಪ್ರಾಣಿಗಳನ್ನು ಬಿಡಬಾರದು.

"ಡಾಕ್ಟರು ದೊಡ್ಡ ಖರ್ಚು ಮಾಡಿ ಕಲ್ಲು ನೆನೆಹಾಕಿದ್ದಾರೆ ಅಂತ ಅಪ್ಪಿ ನಗಾಡುತ್ತಾಳೆ" ಎಂದು ಮಾಂಯ್ ಹೇಳಿದರು. ಅಪ್ಪಿ ಮನೆಯ ಕೆಲಸದವಳು.

ಮಾರ್ಚಿನಲ್ಲಿ ಕಡಲ ಹೂಗಳು ಬಂದವು. ಪಟ್ಟೆಯ ಸಣ್ಣ ಮೀನುಗಳು ಬಂದವು. ಸತ್ತ ಶಂಖದೊಳಗೆ ವಾಸ ಮಾಡುವ ಒಂದು ಏಡಿ ಬಂತು. ಅದು ಮೂರೇ ವಾರದಲ್ಲಿ ಎರಡು ಶಂಖ ಬದಲಿಸಿದಾಗ ಮಾಂಯ್ ಅದಕ್ಕೆ ಸಿರಿಲ್ ಎಂದು ಹೆಸರಿಟ್ಟರು. ಸಿರಿಲ್ ಅವರ ಗಂಡನ ತಮ್ಮ. ಅವನೂ ಒಂದು ಬಾಡಿಗೆ ಮನೆಯಲ್ಲಿ ವರ್ಷ ಪೂರ್ತಿ ನಿಂತವನಲ್ಲ.

ಮಾಂಯ್ ನಕ್ಕಾಗ ಬಾಯಿಯ ಒಂದು ಬದಿ ಮಾತ್ರ ಮೇಲೇಳುತ್ತಿತ್ತು. ಆ ಅರ್ಧ ನಗುವನ್ನು ನೋಡಲು ಲಿಡ್ವಿನ್ ಬಾಗಿಲಲ್ಲಿ ನಿಲ್ಲುತ್ತಿದ್ದ. ನಿಂತ ಲಿಡ್ವಿನನನ್ನು ಝೀಟಾ ಗಾಜಿನಲ್ಲಿ ನೋಡುತ್ತಿದ್ದಳು...

ಅವನು ಪ್ರೀತಿಯ ಮಾತು ಆಡಿದವನಲ್ಲ. ಆದರೆ ಅವಳು ಒದ್ದೆ ಕೈ ಒರೆಸಿಕೊಳ್ಳಲು ಒಂದು ಬಿಳಿ ಬಟ್ಟೆ ಪ್ರತಿ ಸಂಜೆ ತೊಟ್ಟಿಯ ಬದಿಯಲ್ಲಿ ಮಡಚಿಟ್ಟಿರುತ್ತಿತ್ತು. ಅದನ್ನು ಇಡುವವನು ಯಾರೆಂದು ಅವಳಿಗೆ ಗೊತ್ತಿತ್ತು.

ಮೇ ಕೊನೆಯಲ್ಲಿ ಅವನು ಕೆಲಸದ ಮೇಲೆ ಮೂರು ವಾರ ಮುಂಬಯಿಗೆ ಹೊರಟ. ಹೊರಡುವ ದಿನ ಅವಳನ್ನು ಬಸ್ಸಿನ ತನಕ ಬಿಡಲು ಬಂದು ಹೇಳಿದ, "ಬಂದ ಮೇಲೆ ಕಾಪುವಿಗೆ ಬರುತ್ತೇನೆ ಝೀಟಾ. ಕಡಲ ನೀರಿಗಲ್ಲ. ನಿನ್ನ ಅಪ್ಪನ ಹತ್ತಿರ ಮಾತಾಡಲಿಕ್ಕೆ."

ಬಸ್ಸಿನಲ್ಲಿ ಅವಳು ಕಿಟಕಿಗೆ ಮುಖ ತಿರುಗಿಸಿ ಕುಳಿತಳು. ಪಕ್ಕದವರಿಗೆ ತನ್ನ ಮುಖ ಕಾಣುವುದು ಬೇಡವಾಗಿತ್ತು.

---

ಜೂನ್ ಮೊದಲ ಮಳೆಗೆ ಅವಳಿಗೆ ಜ್ವರ ಬಂತು. ಹತ್ತು ದಿನ ಕಾಪುವಿನಲ್ಲಿ ಮಲಗಿದಳು. ಹನ್ನೊಂದನೆಯ ದಿನ, ಇನ್ನೂ ಕಾಲು ನಡುಗುತ್ತಿದ್ದಾಗಲೇ ಗುಡ್ಡ ಹತ್ತಿದಳು.

ತೊಟ್ಟಿಯ ನೀರು ಮಂಕಾಗಿತ್ತು. ಕಡಲ ಹೂಗಳು ಕಲ್ಲಿನಿಂದ ಕಳಚಿ, ಒಳಗು ಹೊರಗಾಗಿ ತೇಲುತ್ತಿದ್ದವು. ಸಿರಿಲ್ ತನ್ನ ಶಂಖದಿಂದ ಅರ್ಧ ಹೊರಗೆ ಬಿದ್ದು ಅಲುಗಾಡದೆ ಮಲಗಿತ್ತು. ಎರಡು ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವು.

"ಎರಡು ದಿನದಿಂದ ಎಲ್ಲ ನಿದ್ದೆ" ಎಂದರು ಮಾಂಯ್. "ನೀನು ಹೆದರಬೇಡ ಪುತಾ. ಹೊಸ ನೀರು ಹಾಕಿಸಿದ್ದೇನೆ. ಇನ್ನು ಏಳುತ್ತವೆ."

ಯಾವ ನೀರು ಎಂದು ಝೀಟಾ ಕೇಳಿದಳು.

ಮಾಂಯ್ ಉತ್ಸಾಹದಿಂದ ಹೇಳತೊಡಗಿದರು. ಮಳೆಗಾಲಕ್ಕೆ ದೋಣಿಯನ್ನು ದಡಕ್ಕೆ ಎಳೆದು ಕಟ್ಟುವ ಮೊದಲು ಕಿಟ್ಟ ಕಡಲ ನೀರು ತಂದುಕೊಟ್ಟನಂತೆ. ಭರಣಿ ಬಿರುಕು ಬಿಟ್ಟು ಸೋರುತ್ತಿತ್ತಂತೆ. ಆಗ ಅವರಿಗೆ ತಮ್ಮ ಮದುವೆಯ ತಾಮ್ರದ ಹಂಡೆ ನೆನಪಾಯಿತಂತೆ. ಅಪ್ಪಿಯಿಂದ ಅದನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಿ, ನೀರು ತುಂಬಿಸಿ, ಐದು ದಿನ ಇಟ್ಟು, ಒಂದೊಂದೇ ಕೊಡ ಹಾಕಿಸಿದರಂತೆ.

"ತಾಮ್ರದಲ್ಲಿ ಇಟ್ಟ ನೀರು ಕೆಡುವುದಿಲ್ಲ ಅಲ್ವಾ? ಮಲಗಿದಲ್ಲೇ ನನ್ನಿಂದಲೂ ಒಂದು ಕೆಲಸ ಆಯಿತು ನೋಡು."

ಬಾಯಿಯ ಒಂದು ಬದಿ ಮೇಲೆದ್ದಿತು.

ಈ ಮನೆಗಳಲ್ಲಿ ತಾಮ್ರಕ್ಕಿಂತ ಶುದ್ಧವಾದದ್ದು ಯಾವುದೂ ಇಲ್ಲ. ಮಾಂಯ್ ಕೊಟ್ಟದ್ದು ತಮ್ಮಲ್ಲಿದ್ದ ಅತ್ಯುತ್ತಮವಾದದ್ದನ್ನು. ಅದೇ ಆ ಜೀವಗಳಿಗೆ ವಿಷವಾಗಿತ್ತು.

"ಹೌದು ಮಾಂಯ್, ಒಳ್ಳೆಯದು ಮಾಡಿದಿರಿ. ಆದರೆ ಮಳೆಗಾಲ ನೋಡಿ, ಈ ಪ್ರಾಣಿಗಳಿಗೆ ಸೀಕು ಬರುವ ಕಾಲ" ಎಂದಳು.

ಹಿತ್ತಲಿಗೆ ಹೋಗಿ ಅಪ್ಪಿಯ ಕೈ ಹಿಡಿದುಕೊಂಡು, ಹಂಡೆಯ ಮಾತನ್ನು ಡಾಕ್ಟರ ಹತ್ತಿರ ಎತ್ತಬಾರದೆಂದು ಭಾಷೆ ತೆಗೆದುಕೊಂಡಳು.

ಲಿಡ್ವಿನ್ ಅದೇ ಸಂಜೆ ಬಂದ. ತೊಟ್ಟಿಯ ಮುಂದೆ ಬಾಗಿ, ತೇಲುತ್ತಿದ್ದ ಕಡಲ ಹೂಗಳನ್ನು ನೋಡಿದ. ಆಮೇಲೆ ಹಿತ್ತಲಿಗೆ ಬಂದು, ಹಂಡೆಯ ಒಳಗೆ ಉಪ್ಪುನೀರು ನಿಂತಿದ್ದ ಹಸಿರು ಗೆರೆಯನ್ನು ಕಂಡ.

"ಇದರಲ್ಲಿ ಕಡಲ ನೀರು ಇಟ್ಟದ್ದು ಯಾರು?"

ನಿಜ ಹೇಳಿಬಿಡಲೇ...? ಝೀಟಾ ಅವನ ಮುಖ ನೋಡಿದಳು. ಏನನ್ನೂ ಅಡಗಿಸಿಡಲು ಬಾರದ ಮುಖ ಅದು. ಇವನಿಗೆ ಗೊತ್ತಾದರೆ ಊಟದ ಹೊತ್ತಿಗೆ ಮಾಂಯ್‌ಗೆ ಗೊತ್ತಾಗುತ್ತದೆ. ಮಗ ಗುಡ್ಡ ಹತ್ತಿಸಿ ತಂದ ಕಡಲನ್ನು ತಾನೇ ಕೊಂದೆ ಎಂದು ತಿಳಿದು ಆ ಹೆಂಗಸು, ಎದ್ದು ಹೊರಗೆ ಹೋಗಲೂ ಆಗದೆ, ಅದೇ ತೊಟ್ಟಿಯ ಎದುರು ಮಲಗಿರಬೇಕು.

"ನಾನು" ಎಂದಳು. "ಜ್ವರ ಬರುವ ಮೊದಲು ತುಂಬಿಸಿಟ್ಟೆ. ಹಾಕಲಿಕ್ಕೆ ಅಪ್ಪಿಗೆ ಹೇಳಿ ಹೋದೆ."

ಇವನು ನಂಬಲಾರ. ಕಬ್ಬಿಣದ ಒಂದು ಮೊಳೆಯನ್ನೂ ಹತ್ತಿರ ಬಿಡದವಳು ತಾನು. ಇವನಿಗೆ ಅರ್ಥವಾಗುತ್ತದೆ, ಕಾರಣ ಕೇಳದೆ ಸುಮ್ಮನಾಗುತ್ತಾನೆ...

"ಅಪ್ಪಿ ತಿಳಿಯದೆ ಮಾಡಿದ್ದರೆ ನಾನು ಒಂದು ಮಾತೂ ಆಡುತ್ತಿರಲಿಲ್ಲ" ಎಂದ ಲಿಡ್ವಿನ್. ದನಿ ಏರಲಿಲ್ಲ. ಏರಿದ್ದರೆ ಅವಳಿಗೆ ಸಹಿಸಲು ಸುಲಭವಾಗುತ್ತಿತ್ತು. "ನೀನು ಓದಿದವಳು. ಮಾಂಯ್‌ಗೆ ಉಳಿದದ್ದು ಅದೊಂದೇ ಆಗಿತ್ತು, ಝೀಟಾ. ಇನ್ನು ನೀನು ಇಲ್ಲಿಗೆ ಬರುವುದು ಬೇಡ."

ಅವಳು ಇನ್ನೊಂದು ಮಾತಿಗೆ ಕಾದಳು. ಅವನು ಒಳಗೆ ಹೋದ.

ಮಳೆಯಲ್ಲೇ ಗುಡ್ಡ ಇಳಿಯುತ್ತಿದ್ದವಳ ಹಿಂದೆ ಅಪ್ಪಿ ಓಡಿ ಬಂದು ತನ್ನ ಓಲೆಯ ಕೊಡೆಯನ್ನು ಹಿಡಿದಳು. ತಾನು ನೆನೆಯುತ್ತಾ, ಏನೂ ಕೇಳದೆ, ಬಸ್ಸು ಬರುವ ತನಕ ಹಿಡಿದೇ ನಿಂತಳು.

---

ಲಿಡ್ವಿನ್ ಕಾಪುವಿಗೆ ಬರಲಿಲ್ಲ.

ಝೀಟಾ ಬೆಳ್ಮಣ್ಣಿನ ಶಾಲೆಗೆ ಹೋದಳು, ಅಲ್ಲೇ ಒಂದು ಕೋಣೆ ಹಿಡಿದಳು. ಸಂಬಂಧಗಳು ಬಂದವು. ರೊಸಾರಿಯೊ ಮಗಳ ಮುಖ ಒಮ್ಮೆ ನೋಡಿ, ಅವಳಿಗೆ ಶಾಲೆಯ ಕೆಲಸ ಜಾಸ್ತಿ ಉಂಟು ಎಂದು ಬಂದವರನ್ನು ಕಳಿಸಿಕೊಟ್ಟರು. ಕಾರಣವನ್ನು ಅವರು ಎಂದೂ ಕೇಳಲಿಲ್ಲ.

ಒಂದು ಮಳೆಗಾಲ ಹೋಯಿತು. ಇನ್ನೊಂದು ಹೋಯಿತು. ಪಾಠದಲ್ಲಿ ಕಡಲ ಪ್ರಾಣಿಗಳ ಅಧ್ಯಾಯ ಬಂದಾಗ ಅವಳು ಬೇಗಬೇಗ ಓದಿ ಮುಗಿಸುತ್ತಿದ್ದಳು.

ಅರವತ್ತೈದರ ಜುಲೈ. ಶನಿವಾರ ಮಧ್ಯಾಹ್ನ, ಮಕ್ಕಳೆಲ್ಲ ಹೋದ ಮೇಲೆ, ಅವಳು ಶಾಲೆಯ ಜಗಲಿಯಲ್ಲಿ ನೋಟ್‌ಬುಕ್ಕುಗಳನ್ನು ಜೋಡಿಸುತ್ತಿದ್ದಳು. ಅಂಗಳ ದಾಟಿ ಯಾರೋ ಬಂದರು. ಕೂದಲು ಕಿವಿಯ ಬಳಿ ಬೆಳ್ಳಗಾಗಿತ್ತು. ಅಂಗಿಯ ತೋಳಿಗೆ ಶೋಕದ ಕಪ್ಪು ಪಟ್ಟಿ ಹೊಲಿದಿತ್ತು.

ಅವಳು ಮೊದಲು ನೋಡಿದ್ದು ಆ ಪಟ್ಟಿಯನ್ನು.

"ಯಾವಾಗ?"

"ಹದಿನೇಳು ದಿನ ಆಯಿತು" ಎಂದ ಲಿಡ್ವಿನ್.

ಝೀಟಾ ಇದ್ದಲ್ಲೇ ಕುಳಿತುಬಿಟ್ಟಳು. ಪುಸ್ತಕಗಳು ಕೈಯಿಂದ ಜಾರಿದವು. ಅವಳು ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ತನಗಾಗಿ ಈ ಮೂರು ವರ್ಷದಲ್ಲಿ ಅಳದಿದ್ದದ್ದೂ ಅದರಲ್ಲಿ ಸೇರಿತ್ತೇನೋ.

ಅವನು ಸಮಾಧಾನ ಮಾಡಲಿಲ್ಲ. ಕೆಸರಿಗೆ ಬಿದ್ದ ಪುಸ್ತಕಗಳನ್ನು ಒಂದೊಂದೇ ಎತ್ತಿ, ತನ್ನ ಅಂಗಿಯಲ್ಲಿ ಒರೆಸಿ, ಅವಳ ಬದಿಯಲ್ಲಿಟ್ಟ. ಆಮೇಲೆ ಎರಡು ಮೆಟ್ಟಿಲು ಕೆಳಗೆ ಕುಳಿತ.

"ಕೊನೆಯ ವಾರ ಮಾಂಯ್ ತುಂಬ ಮಾತಾಡಿದರು. 'ಪುತಾ, ಎಲ್ಲ ನೀನೇ ನನಗೆ ಮಾಡಿದ್ದು. ಒಂದೇ ಸಲ ನಾನು ನಿನ್ನ ಕಡಲಿಗೆ ಉಪಕಾರ ಮಾಡಿದೆ. ನೀರು ಕೆಡದ ಹಾಗೆ ನನ್ನ ಹಂಡೆ ಕೊಟ್ಟೆ' ಅಂದರು."

ಝೀಟಾಳ ಅಳು ತಟ್ಟನೆ ನಿಂತಿತು. ಮೂರು ವರ್ಷ ತಾನು ಬಾಯಿ ಮುಚ್ಚಿ ಕಾಪಾಡಿದ್ದು ಇವನ ಒಂದು ಮಾತಿನಲ್ಲಿ ಒಡೆದುಹೋಗಿರಬಹುದು. ಆ ಜೀವ ಅದನ್ನು ತಿಳಿದೇ ಹೋಯಿತೇ...

"ನೀವು ಎಂತ ಹೇಳಿದಿರಿ?"

ಅವನು ತಲೆ ತಗ್ಗಿಸಿದ.

"'ಹೌದು ಮಾಂಯ್, ಆ ನೀರಿನಿಂದಲೇ ಅವು ಅಷ್ಟು ದಿನ ಬದುಕಿದ್ದು' ಅಂದೆ."

"ನಂಬಿದರಾ?"

"ನಂಬಿದರು. ನಕ್ಕರು. ಮುಖವನ್ನು ಎಲ್ಲಿ ಇಡಬೇಕು ಅಂತ ತಿಳಿಯಲಿಲ್ಲ ಝೀಟಾ. ಆಗ ಗೊತ್ತಾಯಿತು, ಅವತ್ತು ಹಿತ್ತಲಲ್ಲಿ ನಿನಗೆ ಹೇಗಾಗಿರಬೇಕು ಅಂತ."

ಮಾಡಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ನೀವು ಬೈದದ್ದಕ್ಕೆ ನನಗೆ ನೋವಿಲ್ಲ" ಎಂದಳು ಝೀಟಾ. "ನಾನು ಸುಳ್ಳು ಹೇಳಿದೆ, ನೀವು ನಂಬಿದಿರಿ. ಎಂಟು ತಿಂಗಳು ನನ್ನ ಕೈಕೆಲಸ ನೋಡಿದವರು ನಂಬಿದಿರಿ. ನೋವು ಅದಕ್ಕೆ."

"ನಂಬಿದೆ. ತಪ್ಪು ನನ್ನದೇ."

"ಒಂದು ದಿನವೂ ಬರಬೇಕು ಅನ್ನಿಸಲಿಲ್ಲವಾ?"

"ಎರಡು ಸಲ ಬೆಳ್ಮಣ್ ಬಸ್ಸು ಹತ್ತಿದೆ. ಎರಡು ಸಲವೂ ಅರ್ಧ ದಾರಿಯಲ್ಲಿ, ಶಿರ್ವದಲ್ಲಿ ಇಳಿದು ವಾಪಸು ಹೋದೆ. ಬರಬೇಡ ಅಂದವನು ನಾನು. ಯಾವ ಬಾಯಲ್ಲಿ ಬರಲಿ?"

ಅವಳು ಅವನನ್ನು ನೋಡಿದಳು. ಏನನ್ನೂ ಮುಚ್ಚಿಡಲು ಬಾರದಿದ್ದ ಆ ಮುಖ, ಒಂದೇ ಒಂದು ಸಲ, ತಾಯಿಗಾಗಿ ಮುಚ್ಚಿಟ್ಟಿತ್ತು. ಮೂರು ವರ್ಷದಿಂದ ತಾನೊಬ್ಬಳೇ ಹೊತ್ತ ಭಾರದ ಇನ್ನೊಂದು ತುದಿಯನ್ನು ಯಾರೋ ಎತ್ತಿದ ಹಾಗಾಯಿತು ಅವಳಿಗೆ. ಭಾರ ಇಳಿದಿರಲಿಲ್ಲ. ಆದರೆ ಉಸಿರು ಬಂತು.

"ಮಾಂಯ್ ಹೋಗಿ ವರ್ಷ ತುಂಬಿದ ಪೂಜೆ ಆಗುವ ತನಕ ನಮ್ಮ ಮನೆಯಲ್ಲಿ ಮದುವೆಯ ಮಾತು ಎತ್ತುವ ಹಾಗಿಲ್ಲ" ಎಂದ ಲಿಡ್ವಿನ್, ಕೈಗಳನ್ನು ನೋಡಿಕೊಳ್ಳುತ್ತಾ. "ಇನ್ನೂ ಒಂದು ವರ್ಷ ಕಾಯುತ್ತೀಯಾ ಅಂತ ನಿನ್ನ ಹತ್ತಿರ ಕೇಳುವ ಹಕ್ಕು ನನಗಿಲ್ಲ."

"ಕೇಳಿ ನೋಡಿ."

ಅವನು ತಲೆಯೆತ್ತಿದ. ಕಣ್ಣು ತುಂಬಿತ್ತು.

"ಕಾಯುತ್ತೀಯಾ?"

"ಕಾದು ನನಗೆ ಅಭ್ಯಾಸ ಉಂಟು. ಆದರೆ ಈ ಸಲ ಒಬ್ಬಳೇ ಕಾಯುವುದಿಲ್ಲ. ನೀವು ಪ್ರತಿ ಶನಿವಾರ ಬಸ್ಸು ಹತ್ತಬೇಕು."

"ಹತ್ತುತ್ತೇನೆ."

"ಶಿರ್ವದಲ್ಲಿ ಇಳಿಯಬಾರದು."

"ಮತ್ತೆ ಎಲ್ಲಿ ಇಳಿಯಲಿ?"

ಝೀಟಾ ಸೆರಗಿನಿಂದ ಕಣ್ಣೊರೆಸಿಕೊಂಡು, ಪುಸ್ತಕಗಳನ್ನು ಸರಿಸಿ, ಜಗಲಿಯಲ್ಲಿ ತನ್ನ ಪಕ್ಕ ಜಾಗ ಮಾಡಿದಳು.

"ಇಲ್ಲಿ."