ಅಪ್ಪನ ಮಾತು ಮುಗಿಯುವವರೆಗೆ

"ಮುಟ್ಟಬೇಡಿ ನನ್ನನ್ನ!"

ಅವಳು ಕಿರುಚಿದ ರಭಸಕ್ಕೆ ಬಸ್ ಡ್ರೈವರ್ ಗಾಬರಿಯಾಗಿ ಹಿಂದೆ ಸರಿದ.

"ಅಯ್ಯೋ, ಮುಟ್ಟಿಲ್ಲ ಮೇಡಂ... ಸೀಟು ತಟ್ಟಿದೆ ಅಷ್ಟೇ! ಇದು ಕೊನೇ ಸ್ಟಾಪು. ಎಷ್ಟು ಕೂಗಿದ್ರೂ ನೀವು ಏಳಲಿಲ್ಲ. ನಂಗಂತೂ ಜೀವ ಬಾಯಿಗೆ ಬಂದಿತ್ತು."

ಅವಳು ಸುತ್ತ ನೋಡಿದಳು. ಖಾಲಿ ಸೀಟುಗಳು. ಕಿಟಕಿಯಾಚೆ ಕಣ್ಣು ಚುಚ್ಚುವ ಬೆಳಗಿನ ಬಿಸಿಲು.

*ಅಯ್ಯೋ, ನನ್ನ ಸ್ಟಾಪ್! ಮನೆಯಲ್ಲಿ ಅಪ್ಪ ಒಬ್ಬರೇ...*

ಅವಳು ಆಸ್ಪತ್ರೆಯ ನವಜಾತ ಶಿಶುಗಳ ವಾರ್ಡಿನ ನರ್ಸ್. ಕೆಲಸ ಬಿಟ್ಟು ಹೋದವರ ಜಾಗಕ್ಕೆ ಹೊಸಬರು ಬಂದಿರಲಿಲ್ಲ. ಹಾಗಾಗಿ ಅವಳಿಗೆ ದಿನವೂ ಮಧ್ಯಾಹ್ನದ ಪಾಳಿಯ ಮೇಲೆ ರಾತ್ರಿ ಪಾಳಿ. ಮನೆಯಲ್ಲಿ ಪಾರ್ಶ್ವವಾಯು ಹೊಡೆದ ಅಪ್ಪ. ಸಂಜೆ ಚಿಕ್ಕಮ್ಮ ಬಂದು ರಾತ್ರಿಯೆಲ್ಲ ಜೊತೆಗಿರುತ್ತಿದ್ದಳು, ಬೆಳಗಾದರೆ ಅವಳಿಗೂ ಅವಳ ಕೆಲಸವಿತ್ತು.

ಅವಳ ಕಣ್ಣಲ್ಲಿ ನೀರು ತುಂಬಿದ್ದು ಕಂಡು ಡ್ರೈವರ್ ದನಿ ಮೆತ್ತಗಾಯಿತು.

"ಅಳಬೇಡಿ ಸಿಸ್ಟರ್. ಇದೇ ಬಸ್ಸು ವಾಪಸ್ ಹೋಗುತ್ತೆ, ಕೂತ್ಕೊಳ್ಳಿ. ನಾಳೆಯಿಂದ ನಿಮ್ಮ ಸ್ಟಾಪ್ ಬಂದಾಗ ನಾನೇ ಕೂಗ್ತೀನಿ. ನನ್ನ ಗಂಟಲು ಹಾರ್ನ್‌ಗಿಂತ ಜೋರು!"

ಎಷ್ಟೋ ದಿನಗಳ ನಂತರ ಅವಳು ನಕ್ಕಳು.

ಅಲ್ಲಿಂದ ಅದೊಂದು ಅಭ್ಯಾಸವೇ ಆಗಿಹೋಯಿತು. ಡ್ರೈವರ್ ಸೀಟಿನ ಹಿಂದೆಯೇ ಅವಳ ಜಾಗ. ಬಸ್ಸು ಹೊರಟ ಕೂಡಲೇ ಕಣ್ಣು ಮುಚ್ಚುತ್ತಿತ್ತು. "ಸಿಸ್ಟರ್, ಮನೆ ಬಂತು!" ಅಂತ ಅವನು ಕೂಗಿದಾಗ ತೆರೆಯುತ್ತಿತ್ತು. ಇಳಿಯುವ ಮುನ್ನ ಎರಡು ಮಾತು, ಒಂದು ನಗು... ಇಡೀ ದಿನದಲ್ಲಿ ಅವಳದೇ ಅಂತ ಇದ್ದದ್ದು ಅಷ್ಟೇ.

*ಇವನ ದನಿ ಕೇಳಿದರೆ ಸಾಕು, ಎದೆಯ ಭಾರ ಅರ್ಧ ಇಳಿಯುತ್ತಲ್ಲ... ಯಾಕೆ?* ಯೋಚಿಸುವಷ್ಟು ಪುರುಸೊತ್ತೂ ಅವಳಿಗಿರಲಿಲ್ಲ.

ಆದರೆ ಒಂದು ಬೆಳಗ್ಗೆ ಅವನು ಕೂಗಲಿಲ್ಲ.

ಕನ್ನಡಿಯಲ್ಲಿ ಅವನಿಗೆ ಅವಳ ಮುಖ ಕಂಡಿತ್ತು. ಕಣ್ಣಿನ ಸುತ್ತ ಕಪ್ಪು, ಮಗುವಿನಂತೆ ಅರೆತೆರೆದ ಬಾಯಿ. *ಇದೊಂದು ಸುತ್ತು ಮಲಗಲಿ ಪಾಪ...* ಅಂದುಕೊಂಡ.

ಅವಳು ಮನೆಗೆ ಬಂದಾಗ ಅಪ್ಪ ನೆಲದ ಮೇಲಿದ್ದರು. ಹಣೆ ಒಡೆದು ರಕ್ತ ಹೆಪ್ಪುಗಟ್ಟಿತ್ತು. ಎಷ್ಟು ಹೊತ್ತಿನಿಂದ ಹಾಗೇ ಬಿದ್ದಿದ್ದರೋ!

ಮರುದಿನ ಅವಳು ಬಸ್ಸು ಹತ್ತಲಿಲ್ಲ. ಬಾಗಿಲಲ್ಲೇ ನಿಂತು ಸಿಡಿದಳು.

"ಯಾಕೆ ಎಬ್ಬಿಸಲಿಲ್ಲ? ನಿಮಗೆ ಯಾರು ಕೊಟ್ರು ಆ ಅಧಿಕಾರ?"

"ನೀವು ತುಂಬಾ ಸುಸ್ತಾಗಿದ್ರಿ... ಅದಕ್ಕೆ..."

"ನಮ್ಮಪ್ಪ ರಕ್ತದ ಮಡುವಲ್ಲಿ ಬಿದ್ದಿದ್ರು! ನಿಮ್ಮ ಕನಿಕರ ಯಾರಿಗೆ ಬೇಕಿತ್ತು?"

ಅವನ ಮುಖ ಬಿಳುಚಿತು. "ಸಿಸ್ಟರ್, ನಾನು..."

"ಇನ್ನೊಂದು ಮಾತಾಡಬೇಡಿ!"

ಅಂದಿನಿಂದ ಅವಳು ಬೇರೆ ಬಸ್ಸು ಹಿಡಿದು, ನಿಂತುಕೊಂಡೇ ಮನೆಗೆ ಹೋಗತೊಡಗಿದಳು. ಬಸ್ಸಲ್ಲಿ ಸಿಗುತ್ತಿದ್ದ ಆ ಚೂರು ನಿದ್ದೆಯೂ ಹೋಯಿತು. ಗೋಡೆಗೆ ಒರಗಿದರೆ ಕಣ್ಣು ಮುಚ್ಚುತ್ತಿತ್ತು, ಹಾಸಿಗೆಯಲ್ಲಿ ಮಲಗಿದರೆ ಅಪ್ಪನ ಹಣೆಯ ರಕ್ತ ಕಣ್ಣಮುಂದೆ ಬರುತ್ತಿತ್ತು. ಅವನ ನೆನಪು ಬಂದರೆ ಸಿಟ್ಟು, ಸಿಟ್ಟಿನ ಹಿಂದೆಯೇ ಅಳು.

*ದೇವರೇ... ಹೀಗೆ ಎಷ್ಟು ದಿನ? ನಾನೇ ಬಿದ್ದುಹೋದರೆ ಅಪ್ಪನಿಗೆ ಯಾರಿದ್ದಾರೆ?*

ಒಂದು ಮಧ್ಯಾಹ್ನ, ಪಾಳಿ ಶುರುವಾಗುತ್ತಲೇ, ವಾರ್ಡಿನಲ್ಲಿ ಅವಳು ಸಿರಿಂಜ್ ಹಿಡಿದು ಗಾಜಿನ ತೊಟ್ಟಿಲಿನ ಮೇಲೆ ಬಾಗಿದ್ದಳು. ಅಂಗೈಯಷ್ಟೇ ಎದೆ, ಕಡ್ಡಿಯಂಥ ಕಾಲು... ಅಷ್ಟರಲ್ಲಿ ಯಾರೋ ಅವಳ ಮಣಿಕಟ್ಟನ್ನು ಬಿಗಿಯಾಗಿ ಹಿಡಿದರು.

"ಏನ್ ಮಾಡ್ತಿದ್ದೀಯೇ? ಇದು ಪಕ್ಕದ ಮಗುವಿನ ಔಷಧಿ!"

ಹಿರಿಯ ನರ್ಸಿನ ದನಿ ಎಲ್ಲೋ ದೂರದಿಂದ ಬಂದಂತಿತ್ತು. ಅವಳು ಸಿರಿಂಜನ್ನು ಟ್ರೇಯಲ್ಲಿ ಇಟ್ಟುಬಿಟ್ಟಳು. ಮಗು ಏನೂ ಅರಿಯದೆ ಆಕಳಿಸಿತು.

ಅವಳು ನೇರ ಮೇಟ್ರನ್ ಕೋಣೆಗೆ ಹೋದಳು. ನಡೆದದ್ದನ್ನೆಲ್ಲ ಬಾಯಿಬಿಟ್ಟು ಹೇಳಿದಳು.

"ಇನ್ಮೇಲೆ ನಾನು ಡಬಲ್ ಡ್ಯೂಟಿ ಮಾಡಲ್ಲ ಮೇಡಂ."

"ಜನ ಇಲ್ವಲ್ಲಮ್ಮಾ, ನಾನೇನು ಮಾಡ್ಲಿ?"

"ನಾನೂ ಇಲ್ಲ ಮೇಡಂ! ಇಲ್ಲಿ ನಿಂತಿರೋದು ಬರೀ ನನ್ನ ಯೂನಿಫಾರ್ಮ್. ಇವತ್ತು ಒಂದು ಮಗು ನನ್ನ ಕೈಯಿಂದಲೇ..."

ಮೇಟ್ರನ್ ಡ್ಯೂಟಿ ಪಟ್ಟಿಯನ್ನು ಎಳೆದುಕೊಂಡು ಅವಳ ಹೆಸರನ್ನು ಹೊಡೆದುಹಾಕಿದರು.

"ಹೋಗು. ಈ ವಾರ ಬರಬೇಡ. ಆಮೇಲೂ ಒಂದೇ ಪಾಳಿ. ಮೇಲಿನವರ ಹತ್ರ ನಾನೇ ಜಗಳ ಆಡ್ತೀನಿ."

ಹೋದ ಸ್ವಲ್ಪ ಹೊತ್ತಿಗೇ ಮಗಳು ವಾಪಸ್ ಬಂದದ್ದು ಕಂಡು ಅಪ್ಪ ಬೆರಗಾದರು. ತುಟಿ ಅಲುಗಿತು.

"ನಾ... ನು..."

ಪಾರ್ಶ್ವವಾಯು ಅವರ ನಾಲಿಗೆಯನ್ನೂ ಹಿಡಿದಿತ್ತು. ಅವರು ಬಾಯಿ ತೆರೆದರೆ ಸಾಕು, "ನೀರಾ? ಮಾತ್ರೆಯಾ?" ಅಂತ ಅವಳೇ ಮಾತು ಮುಗಿಸಿ ಮುಂದಿನ ಕೆಲಸಕ್ಕೆ ಓಡುತ್ತಿದ್ದಳು. ಇವತ್ತು ಅವಳು ಓಡಲಿಲ್ಲ. ಮಂಚದ ಅಂಚಿನಲ್ಲಿ ಕುಸಿದು ಅವರ ಕೈ ಹಿಡಿದಳು. ಸುಮ್ಮನೆ ಕಾದಳು.

"ನಾನು... ಬಿದ್ದದ್ದು... ನೀನು ತಡ... ಮಾಡಿದ್ದಕ್ಕಲ್ಲ..."

ಅವಳು ತಲೆ ಎತ್ತಿ ಅವರ ಮುಖ ನೋಡಿದಳು.

"ನಿನ್ನ ಬಸ್ಸು... ಹೊರಡೋಕೂ... ಮುಂಚೇನೇ ಬಿದ್ದೆ. ದಿನಾ... ಚಿಕ್ಕಮ್ಮ ಹೋದ ಮೇಲೆ... ಗೋಡೆ ಹಿಡ್ಕೊಂಡು... ನಡೀತೀನಿ."

"ಯಾಕಪ್ಪಾ? ನಂಗೆ ಯಾಕೆ ಹೇಳ್ಲಿಲ್ಲ?"

"ಎಷ್ಟು ಸಲ... ಹೇಳೋಕೆ ಹೋದೆ..." ಅಪ್ಪನ ಕಣ್ಣು ಒದ್ದೆಯಾಗಿತ್ತು. "ನಾನು ನಡೆದ್ರೆ... ನೀನು... ಮಲಗ್ತೀಯಲ್ಲ... ಮಗಳೇ."

ಅವಳು ಆ ಅಂಗೈಯಲ್ಲಿ ಮುಖ ಹುದುಗಿಸಿ ಬಿಕ್ಕಿಬಿಕ್ಕಿ ಅತ್ತಳು. ಅಳುತ್ತಲೇ ನಿದ್ದೆಗೆ ಜಾರಿದಳು. ಸಂಜೆ ಬಂದ ಚಿಕ್ಕಮ್ಮ ದೀಪವನ್ನೂ ಹಾಕದೆ ಹೊದಿಕೆ ಹೊದಿಸಿದಳು.

ಮರುದಿನ ಮಧ್ಯಾಹ್ನ, ಚಿಕ್ಕಮ್ಮನ ರಜೆಯ ದಿನ, ಅವಳು ಬಸ್ ಡಿಪೋಗೆ ಹೋದಳು. ಅವನು ನಲ್ಲಿಯ ಬಳಿ ಕೈ ತೊಳೆಯುತ್ತಿದ್ದ. ಅವಳನ್ನು ಕಂಡವನೇ ನಲ್ಲಿ ನಿಲ್ಲಿಸುವುದನ್ನೂ ಮರೆತು ನಿಂತುಬಿಟ್ಟ.

"ಅಪ್ಪ... ಹೇಗಿದ್ದಾರೆ?"

"ಚೆನ್ನಾಗಿದ್ದಾರೆ. ಅವತ್ತು ಅವರು ಬಿದ್ದದ್ದು ನಿಮ್ಮಿಂದ ಅಲ್ಲ. ಬಸ್ಸು ಹೊರಡೋಕೂ ಮುಂಚೇನೇ, ಒಬ್ಬರೇ ನಡೆಯೋ ಅಭ್ಯಾಸ ಮಾಡ್ತಾ ಬಿದ್ದಿದ್ರಂತೆ. ನಿಮ್ಮನ್ನ ಬಾಯಿಗೆ ಬಂದ ಹಾಗೆ ಬೈದೆ... ತಪ್ಪಾಯ್ತು."

"ಇಲ್ಲ ಸಿಸ್ಟರ್, ತಪ್ಪು ನಂದೂ ಇದೆ. ಒಂದು ಸುತ್ತು ಜಾಸ್ತಿ ಹೊತ್ತು ಅವರು ನೆಲದ ಮೇಲೇ ಇದ್ರಲ್ಲ... ನಿಮ್ಮ ನಿದ್ದೆ ನೋಡಿದೆ, ನಿಮಗಾಗಿ ಕಾಯ್ತಿರೋರನ್ನ ನೋಡಲಿಲ್ಲ. ನಿಮ್ಮನ್ನ ಕೇಳದೆ ತೀರ್ಮಾನ ಮಾಡಿಬಿಟ್ಟೆ." ಅವನು ತಲೆ ತಗ್ಗಿಸಿದ. "ಈಗ ಕೇಳ್ತೀನಿ. ವಾರದ ರಜೆಯಲ್ಲಿ ನಾನು ಬಂದು ನಿಮ್ಮಪ್ಪನ ಜೊತೆ ನಡೀಲಾ? ನೀವು ಬೇಡ ಅಂದ್ರೆ ಬರಲ್ಲ."

"ಅಪ್ಪ ಒಂದು ಮಾತು ಮುಗಿಸೋಕೆ ತುಂಬಾ ಹೊತ್ತು ತಗೋತಾರೆ..."

"ನಾನು ಬಸ್ ಡ್ರೈವರ್ ರೀ! ಟ್ರಾಫಿಕ್‌ನಲ್ಲಿ ಕಾದು ಕಾದು ತಾಳ್ಮೆ ಕಲಿತಿದೀನಿ."

ಅವಳು ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

"ಇನ್ನೊಂದು ವಿಷಯ ಹೇಳೋಕೆ ಬಂದಿದ್ದೆ... ನೀವಂದ್ರೆ ನಂಗೆ ಇಷ್ಟ. ಯಾವಾಗಿಂದ ಅಂತ ಯೋಚಿಸೋಕೂ ಆಗ್ತಿಲ್ಲ, ತಲೆ ಅಷ್ಟು ಮಂಕಾಗಿದೆ."

ಅವನು ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು, ಅವಳ ಬೆರಳುಗಳನ್ನು ಮೆಲ್ಲಗೆ ಹಿಡಿದ.

"ನಂಗೂ ಅಷ್ಟೇ. ಹೇಳಲಿಕ್ಕೆ ಧೈರ್ಯ ಇರಲಿಲ್ಲ... ಈಗ ಮನೆಗೆ ಹೋಗಿ ಮಲಗಿ. ಯೋಚನೆ ಎಲ್ಲ ಆಮೇಲೆ."

"ಎದ್ದ ಮೇಲೆ ಇದೆಲ್ಲ ಕನಸು ಅನ್ನಿಸಿದ್ರೆ?"

"ಆಗ ನಾನೇ ಬಂದು ಮೊದಲಿಂದ ಹೇಳ್ತೀನಿ."

"ನಿಧಾನವಾಗಿ ಹೇಳ್ತೀರಾ?" ಅಂದಳು ಅವಳು, ಅವನ ಕೈ ಬಿಡದೆ. "ನಂಗೆ ಈ ವಾರ ಯಾವ ಆತುರವೂ ಇಲ್ಲ."